ಸ್ಟೇರಿಂಗ್ ಹಿಡಿದವರನ್ನು ಬಿಟ್ಟು ಹೊರಟ ಕಾರುಗಳು

ರೋಣ, ನರಗುಂದ, ಗಜೇಂದ್ರಗಡದ ಹಿರಿಯರಿಗೆ ಬೆಂಜ್ ಮೊದಲು ಕಂಡದ್ದು ಲಾರಿಯ ರೂಪದಲ್ಲಿ. 1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ಕಟ್ಟತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿಯುವವರೆಗೂ ಲಾರಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಇರುತ್ತಿತ್ತು. ಎರಿ, ಅಂದರೆ ಕಪ್ಪು ಮಣ್ಣಿನ, ಹೊಲದ ಹತ್ತಿ, ಕಡಲೆ, ಕುಸುಬಿ, ಒಣಮೆಣಸಿನಕಾಯಿ ಚಕ್ಕಡಿ ಇಳಿದು ಲಾರಿ ಏರಿ ಗದಗ-ಹುಬ್ಬಳ್ಳಿಯ ಪೇಟೆ ಮುಟ್ಟತೊಡಗಿದ ಕಾಲ ಅದು. ಹುಡುಗನೊಬ್ಬ ಕ್ಲೀನರ್ ಆಗಿ ಸೇರಿ, ವರ್ಷಗಟ್ಟಲೆ ಉಸ್ತಾದರ ಪಕ್ಕ ಕೂತು, ಕೊನೆಗೆ ಲಾರಿಯ ಸ್ಟೇರಿಂಗ್ ಹಿಡಿದನೆಂದರೆ ಊರಲ್ಲಿ ಅವನ ಮಾತಿಗೆ ತೂಕ ಬರುತ್ತಿತ್ತು.

ಆ ತೂಕ ಸುಮ್ಮನೆ ಬಂದದ್ದಲ್ಲ. ಆಗಿನ ಲಾರಿಗಳಲ್ಲಿ ಗೇರ್ ಬದಲಿಸುವುದೇ ಒಂದು ವಿದ್ಯೆ. ಈಗಿನ ಗೇರ್‌ಬಾಕ್ಸಿನೊಳಗೆ ಹಲ್ಲುಚಕ್ರಗಳ ವೇಗವನ್ನು ತಾನೇ ಸರಿದೂಗಿಸುವ ಸಿಂಕ್ರೋಮೆಶ್ ಇರುತ್ತದೆ. ಆಗ ಆ ಕೆಲಸ ಡ್ರೈವರನ ಕಾಲು ಮತ್ತು ಕಿವಿಯದಾಗಿತ್ತು. ಕ್ಲಚ್ ತುಳಿದು ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಕ್ಲಚ್ ಬಿಡಬೇಕು. ಇಂಜಿನ್ ದನಿ ಏರುವಷ್ಟು ಆಕ್ಸಿಲರೇಟರ್ ಒತ್ತಿ, ಆ ದನಿ ಕೆಳಗಿನ ಗೇರಿಗೆ ಹೊಂದುವ ಹೊತ್ತಿಗೆ ಸರಿಯಾಗಿ ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕು. ಡಬಲ್ ಕ್ಲಚ್ ಅಂದರೆ ಇದೇ. ಹೊತ್ತು ತಪ್ಪಿದರೆ ಗೇರ್ ಕರಕರ ಅಂದು ರಾಡು ಅಂಗೈಗೆ ಹೊಡೆಯುತ್ತಿತ್ತು. ತುಂಬಿದ ಲಾರಿ ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಗೇರ್ ತಪ್ಪಿ ನಿಂತರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಕ್ಲೀನರ್ ಹುಡುಗ ಜಿಗಿದು ಓಡುತ್ತಿದ್ದ. ಗೇರ್ ಒಳ್ಳೆಯದಾಗಿ ಬಿದ್ದಾಗ ಆಗುವ ಸಂತೋಷ ಸಣ್ಣದಲ್ಲ. ಇವತ್ತಿಗೂ ಆ ಕಾಲದ ಡ್ರೈವರುಗಳು ಅದನ್ನು ಹೇಳುವಾಗ ಎಡಗಾಲು ತಾನಾಗಿ ನೆಲ ಒತ್ತುತ್ತದೆ.

ಆ ನಕ್ಷತ್ರಕ್ಕೆ ಮರ್ಯಾದೆ ತಂದವರು ಇಂಥವರು. ಜಗತ್ತಿನ ಬೇರೆ ಕಡೆಯೂ ಕತೆ ಹೀಗೇ ಇದೆ. ಬಿಎಂಡಬ್ಲ್ಯು, ಪೋರ್ಷ, ಜಾಗ್ವಾರ್, ಲೋಟಸ್, ಮರ್ಸಿಡಿಸ್ ಹೆಸರು ಮಾಡಿದ್ದು ಗಾಡಿ ಓಡಿಸುವುದನ್ನೇ ಬದುಕಿನ ಖುಷಿ ಮಾಡಿಕೊಂಡವರ ಬಾಯಿಂದ. ಕಳೆದ ಎರಡು ದಶಕಗಳಲ್ಲಿ ಈ ಕಂಪನಿಗಳು ಒಂದೊಂದಾಗಿ ಆ ಜನರಿಂದ ದೂರ ಸರಿದಿವೆ. ದುಡ್ಡಿದ್ದವರ ಆಟಿಕೆಯ ವಿಷಯ, ಎರಿ ನೆಲದವರಿಗೆ ಇದರಿಂದ ಆಗಬೇಕಾದ್ದೇನು ಅಂತ ಕೆಲವರು ಕೇಳಬಹುದು. ಆಗಬೇಕಾದ್ದು ಬಹಳ ಇದೆ. ಇವತ್ತು ಕೋಟಿಯ ಕಾರಿನಲ್ಲಿ ಬಂದದ್ದು ಹತ್ತು ವರ್ಷದಲ್ಲಿ ಹತ್ತು ಲಕ್ಷದ ಕಾರಿಗೆ ಇಳಿಯುತ್ತದೆ, ಆಮೇಲೆ ಲಾರಿಗೂ ಟ್ರ್ಯಾಕ್ಟರಿಗೂ ಬರುತ್ತದೆ. ಪವರ್ ಸ್ಟೇರಿಂಗ್ ಬಂದದ್ದು ಹಾಗೆ, ಎಬಿಎಸ್ ಬಂದದ್ದು ಹಾಗೆ. ಮೇಲಿನವರು ಏನನ್ನು ಕೈಬಿಡುತ್ತಾರೋ ಅದೂ ಅದೇ ದಾರಿಯಲ್ಲಿ ಇಳಿದು ಬರುತ್ತದೆ.

ಧಾರವಾಡದ ನೆಂಟ, ಕೊವೆಂಟ್ರಿಯ ಜಾಗ್ವಾರ್

ಈ ದೂರ ಸರಿಯುವಿಕೆ ಅತಿ ಹೆಚ್ಚು ಎದ್ದು ಕಾಣುವುದು ಜಾಗ್ವಾರ್ ಕಂಪನಿಯಲ್ಲಿ. ಅದು ನಮಗೆ ಪರಕೀಯ ಕಂಪನಿಯೂ ಅಲ್ಲ. 2008ರಲ್ಲಿ ಟಾಟಾ ಮೋಟಾರ್ಸ್ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡಿತು. ನರಗುಂದದವರು ದವಾಖಾನೆ, ಕಾಲೇಜು ಅಂತ ಓಡಾಡುವ ಧಾರವಾಡದ ಮಗ್ಗುಲಲ್ಲೇ ಟಾಟಾದ ಬಸ್ಸು ಕಟ್ಟುವ ಕಾರ್ಖಾನೆ ಇದೆ. ಬಸ್ಸಿನ ಬಾಡಿ ಕೂಡಿಸಿ ಕೈ ಒರೆಸಿಕೊಳ್ಳುವ ಧಾರವಾಡದ ಹುಡುಗನೂ ಇಂಗ್ಲೆಂಡಿನ ಜಾಗ್ವಾರ್ ಕಾರಿನ ಎಂಜಿನಿಯರನೂ ಕೊನೆಗೆ ಒಂದೇ ಮನೆತನದ ಹೆಸರಿನಡಿ ದುಡಿಯುವವರು.

ಜಾಗ್ವಾರ್ ಹೆಸರಿನ ಹಿಂದೆ ಎಂಥ ಓಟವಿತ್ತು ನೋಡಿ. 1948ರಲ್ಲಿ ಬಂದ ಎಕ್ಸ್‌ಕೆ 120 ಕಾರಿನ ಹೆಸರಿನಲ್ಲೇ ಗಂಟೆಗೆ 120 ಮೈಲಿ ಓಡುತ್ತೇನೆಂಬ ಮಾತಿತ್ತು. ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಯ ಓಟವನ್ನು ಈ ಕಂಪನಿಯ ಕಾರುಗಳು ಏಳು ಸಲ ಗೆದ್ದವು. ಅದರಲ್ಲಿ ಐದು ಗೆಲುವು 1951ರಿಂದ 1957ರ ಒಳಗಿನವು. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಇ-ಟೈಪ್ ಕಾರನ್ನು ಲೋಕಕ್ಕೆ ತೋರಿಸಿದಾಗ ಜನ ಮುಗಿಬಿದ್ದರು. ಪತ್ರಕರ್ತರಿಗೆ ಓಡಿಸಲು ಕೊಡಲಿಕ್ಕೆ ಒಂದು ಕಾರು ಸಾಲಲಿಲ್ಲ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್‌ಗೆ ಹೇಳಿಕಳಿಸಿದರು. ಅವರು ಸಂಜೆ ಹೊರಟು, ಹಡಗಿನಲ್ಲಿ ಕಡಲು ದಾಟಿ, ಇಡೀ ರಾತ್ರಿ ಓಡಿಸಿ ಮರುದಿನ ಬೆಳಿಗ್ಗೆ ಹೇಳಿದ ಹೊತ್ತಿಗೆ ಇನ್ನೊಂದು ಇ-ಟೈಪನ್ನು ಜಿನೀವಾಕ್ಕೆ ಮುಟ್ಟಿಸಿದರು. ಆ ಕಾರಿನ ಬಗ್ಗೆ ಸಾವಿರ ಜಾಹೀರಾತು ಹೇಳಲಾಗದ್ದನ್ನು ಆ ಒಂದು ರಾತ್ರಿಯ ಡ್ರೈವಿಂಗ್ ಹೇಳಿತು.

2024ರಲ್ಲಿ ಕಂಪನಿ ತನ್ನ ಕೊನೆಯ ಸ್ಪೋರ್ಟ್ಸ್ ಕಾರು ಎಫ್-ಟೈಪಿನ ತಯಾರಿಕೆ ನಿಲ್ಲಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಲಾಂಛನ, ಹೊಸ ಅಕ್ಷರ, ಹೊಸ ಜಾಹೀರಾತು ಬಿಡುಗಡೆಯಾದವು. ಆ ಜಾಹೀರಾತಿನಲ್ಲಿ ಬಣ್ಣಬಣ್ಣದ ಉಡುಗೆ ತೊಟ್ಟ ರೂಪದರ್ಶಿಗಳಿದ್ದರು. ಒಂದೇ ಒಂದು ಕಾರು ಇರಲಿಲ್ಲ. ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಟೈಪ್ 00 ಎಂಬ ಮಾದರಿಯನ್ನು ತೋರಿಸಿದರು. ಮುಂದೆ ಬರುವುದೆಲ್ಲ ವಿದ್ಯುತ್ ಕಾರು, ಬೆಲೆ ಮೊದಲಿಗಿಂತ ಬಹಳ ಹೆಚ್ಚು, ಹಳೆಯ ಗ್ರಾಹಕರಲ್ಲಿ ಹೆಚ್ಚಿನವರು ನಮ್ಮೊಂದಿಗೆ ಬರಲಿಕ್ಕಿಲ್ಲ ಅಂತ ಕಂಪನಿಯವರೇ ಒಪ್ಪಿಕೊಂಡರು. ವಿದ್ಯುತ್ ಕಾರಿನ ಬಗ್ಗೆ ನನಗೆ ತಕರಾರಿಲ್ಲ. ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ದಿನಾ ನೋಡುವವರಿಗೆ ಗಾಳಿಯಿಂದ ಕರೆಂಟು, ಕರೆಂಟಿನಿಂದ ಕಾರು ಅನ್ನುವುದು ಹೆಮ್ಮೆಯ ಸಂಗತಿಯೇ. ನನ್ನ ದುಃಖ ಬೇರೆ. ತನ್ನನ್ನು ಓಡಿಸಿ ಪ್ರೀತಿಸಿದವರು ಬಿಟ್ಟುಹೋದರೂ ನಡೆಯುತ್ತದೆ ಅಂತ ಒಂದು ಕಾರು ಕಂಪನಿ ಬಾಯಿಬಿಟ್ಟು ಹೇಳಿದ್ದು ನನಗೆ ತಡೆಯಲಾಗದ ಮಾತು.

ಕೈಗೆ ಬರುವ ಸುದ್ದಿ

ದೂರವಾದದ್ದು ಏನು ಅನ್ನುವುದನ್ನು ಹತ್ತಿರದಿಂದ ನೋಡಬೇಕಾದರೆ ಸ್ಟೇರಿಂಗ್‌ನಿಂದ ಶುರು ಮಾಡಬೇಕು. ನರಗುಂದ ಭಾಗದಲ್ಲಿ ದಶಕಗಳ ಕಾಲ ಲಾರಿ ಓಡಿಸಿ ಈಗ ಮನೆಯಲ್ಲಿರುವ ಹಿರಿಯರೊಬ್ಬರನ್ನು ಕೇಳಿದೆ. ‘ಕಾಕಾ, ಮಳಿಗಾಲದಾಗ ಎರಿ ದಾರಿ ಮ್ಯಾಲೆ ಗಾಡಿ ಜಾರಾಕ ಹತ್ತೇತಿ ಅಂತ ನಿಮಗ ಹೆಂಗ ತಿಳೀತಿತ್ರಿ?’ ಅವರು ಎರಡೂ ಕೈ ಮುಂದೆ ಚಾಚಿ, ಅಲ್ಲಿಲ್ಲದ ಸ್ಟೇರಿಂಗ್ ಹಿಡಿದು ತೋರಿಸಿದರು. ‘ನೋಡಪಾ, ಮೊದಲ ಸ್ಟೇರಿಂಗ್ ಹಗೂರ ಆಗತೈತಿ. ಕೈಯಾಗಿನ ಭಾರ ಹೋಗಿಬಿಡತೈತಿ. ಆವಾಗ ಗಾಬರಿ ಆಗಿ ಬ್ರೇಕ್ ಒತ್ತಿದಿ ಅಂದ್ರ ಮುಗೀತು. ಕಾಲ ತಗದು ಸುಮ್ನ ಹಿಡಕೊಂಡಿರಬೇಕು, ಮತ್ತ ಭಾರ ಬರೂತನ.’

ಎರಿ ಮಣ್ಣಿನ ಗುಣ ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ಬೇಸಿಗೆಯಲ್ಲಿ ಅದು ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಹನಿ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಟೈರಿನ ಗೀರುಗಳನ್ನೆಲ್ಲ ಮುಚ್ಚಿ ಅದನ್ನು ಬೋಳು ಮಾಡಿಬಿಡುತ್ತದೆ. ಬೆಣ್ಣಿಹಳ್ಳ ಉಕ್ಕಿದ ದಿನಗಳಲ್ಲಿ ಯಾವಗಲ್ ಸುತ್ತಿನ ದಾರಿಗಳಲ್ಲಿ, ಮಲಪ್ರಭೆ ಏರಿದಾಗ ಕೊಣ್ಣೂರಿನ ಹೆದ್ದಾರಿಯಲ್ಲಿ ಇಲ್ಲಿಯವರು ಗಾಡಿ ತಿರುಗಿಸುವುದನ್ನು ಕಲಿತದ್ದು ಪುಸ್ತಕ ಓದಿ ಅಲ್ಲ. ಮುಂದಿನ ಚಕ್ರಕ್ಕೂ ಅಂಗೈಗೂ ನಡುವೆ ಒಂದು ತಂತಿ ಇದ್ದ ಹಾಗೆ ನೆಲದ ಸುದ್ದಿ ಮೇಲೆ ಬರುತ್ತಿತ್ತು.

ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಬಂದಾಗಲೂ ಆ ಸುದ್ದಿ ಪೂರಾ ನಿಲ್ಲಲಿಲ್ಲ. ಎಣ್ಣೆಯ ಒತ್ತಡ ಕೈಗೆ ಸಹಾಯ ಮಾಡುತ್ತಿತ್ತು, ಆದರೆ ಚಕ್ರದ ನಡುಕ ಎಣ್ಣೆಯ ಮೂಲಕವೇ ವಾಪಸು ಬರುತ್ತಿತ್ತು. ಬಿಎಂಡಬ್ಲ್ಯು 3 ಸರಣಿಯ ಕಾರುಗಳಿಗೆ ಜಗತ್ತಿನಾದ್ಯಂತ ಭಕ್ತರು ಹುಟ್ಟಿಕೊಂಡದ್ದರಲ್ಲಿ ಆ ಸ್ಟೇರಿಂಗಿನ ಪಾಲು ದೊಡ್ಡದು. 2012ರ ಹೊಸ ತಲೆಮಾರಿನಲ್ಲಿ ಕಂಪನಿ ಹೈಡ್ರಾಲಿಕ್ ಬಿಟ್ಟು ಎಲೆಕ್ಟ್ರಿಕ್ ಮೋಟಾರಿನ ಸ್ಟೇರಿಂಗ್‌ಗೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪೋರ್ಷ 911 ಕೂಡ ಬದಲಾಯಿತು. ಕಾರಣಗಳು ಸುಳ್ಳಲ್ಲ. ಹೈಡ್ರಾಲಿಕ್ ಪಂಪು ಸದಾ ಇಂಜಿನ್ನಿನ ಶಕ್ತಿ ತಿನ್ನುತ್ತದೆ. ಮೋಟಾರು ತಿರುಗಿಸಿದಾಗಷ್ಟೇ ತಿನ್ನುತ್ತದೆ. ಅಲ್ಲಿಗೆ ಪೆಟ್ರೋಲ್ ಉಳಿಯುತ್ತದೆ. ಗೆರೆ ತಪ್ಪಿದರೆ ಕಾರು ತಾನೇ ತಿರುಗಿಕೊಳ್ಳುವ ಸುರಕ್ಷತಾ ವ್ಯವಸ್ಥೆಗೂ ಮೋಟಾರ್ ಬೇಕು. ಆದರೆ ಆಗಿನ ಮೊದಲ ಮೋಟಾರ್ ಸ್ಟೇರಿಂಗ್‌ಗಳು ನೆಲದ ಸುದ್ದಿಯನ್ನು ನಡುವೆಯೇ ನುಂಗಿಬಿಟ್ಟವು. ಕೈಗೆ ಸಿಗುವುದು ತಂತ್ರಾಂಶ ಲೆಕ್ಕ ಹಾಕಿ ಕೊಟ್ಟ ಭಾರ. ‘ಕಂಫರ್ಟ್’ ಗುಂಡಿ ಒತ್ತಿದರೆ ಹಗುರ, ‘ಸ್ಪೋರ್ಟ್’ ಒತ್ತಿದರೆ ಭಾರ. ಆ ಭಾರಕ್ಕೂ ಕೆಳಗಿನ ನೆಲ ಒದ್ದೆಯೋ ಒಣಗಿದೆಯೋ ಅನ್ನುವುದಕ್ಕೂ ಸಂಬಂಧ ಬಹಳ ಕಡಿಮೆ. ಕಾಕಾ ಹೇಳಿದ, ಜಾರುವ ಮೊದಲೇ ಕೈಗೆ ಸಿಗುತ್ತಿದ್ದ ಎಚ್ಚರಿಕೆಯನ್ನು ಈಗ ಡ್ಯಾಶ್‌ಬೋರ್ಡಿನ ಹಳದಿ ದೀಪ ಕೊಡುತ್ತದೆ, ಅದೂ ಜಾರಿದ ಮೇಲೆ.

ತೂಕದ ಮಾತೂ ಇದೆ. ಲೋಟಸ್ ಅನ್ನುವ ಇಂಗ್ಲಿಷ್ ಕಂಪನಿಯನ್ನು ಕಟ್ಟಿದ ಕಾಲಿನ್ ಚಾಪ್ಮನ್ ಹಗುರತನವನ್ನೇ ಧರ್ಮ ಮಾಡಿಕೊಂಡವರು. 1996ರ ಲೋಟಸ್ ಎಲೀಸ್ ಕಾರಿನ ತೂಕ ಮುಕ್ಕಾಲು ಟನ್ನಿಗೂ ಕಡಿಮೆ. 2021ರಲ್ಲಿ ಎಲೀಸ್ ನಿಂತಿತು. ಚೀನಾದ ಜೀಲಿ ಕಂಪನಿಯ ಒಡೆತನಕ್ಕೆ ಹೋದ ಲೋಟಸ್ 2023ರಲ್ಲಿ ಭಾರತಕ್ಕೆ ಕಾಲಿಟ್ಟಾಗ ತಂದ ಮೊದಲ ಗಾಡಿ ಎಲೆಟ್ರ ಎಂಬ ವಿದ್ಯುತ್ ಎಸ್‌ಯುವಿ. ಅದು ಎರಡೂವರೆ ಟನ್ ತೂಗುತ್ತದೆ. ಮೂರು ಎಲೀಸ್ ಕಾರುಗಳಿಗಿಂತಲೂ ಭಾರ.

ಹಿಂದಿನ ಸೀಟಿಗೆ ಮಾರಿದ ಕಾರು

ನಮ್ಮ ದೇಶದ ಕತೆ ಇನ್ನೂ ಸ್ಪಷ್ಟ. 2024ರಲ್ಲಿ ಭಾರತದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಕಾರುಗಳಲ್ಲಿ ಐಷಾರಾಮಿ ಕಾರುಗಳು 50 ಸಾವಿರದ ಆಸುಪಾಸು. ನೂರಕ್ಕೆ ಒಂದು ಅನ್ನಿ. ಅದನ್ನು ಕೊಳ್ಳುವವರಲ್ಲಿ ಬಹಳ ಜನ ಹಿಂದೆ ಕೂರುವವರು. ಕಂಪನಿಗಳು ಇದನ್ನು ನೋಡಿಕೊಂಡೇ ಗಾಡಿ ತಂದವು. ಮರ್ಸಿಡಿಸ್ 2017ರಲ್ಲಿ ಇ-ಕ್ಲಾಸಿನ ಉದ್ದನೆಯ ಅವತಾರವನ್ನು ಭಾರತಕ್ಕೆ ತಂದಿತು. ಹಿಂದಿನವರ ಕಾಲಿಗೆ ಜಾಗ ಹೆಚ್ಚು ಮಾಡಿದ್ದೇ ಅದರ ವಿಶೇಷ. ಅದು ಹಿಂದೆ ಕೂತು ಹೋಗುವ ಕಾರೇ ಆದ್ದರಿಂದ ಅಲ್ಲಿ ದೂರುವಂಥದ್ದೇನಿಲ್ಲ. ಮನಸ್ಸಿಗೆ ಹತ್ತಿದ್ದು ಬಿಎಂಡಬ್ಲ್ಯು ಮಾಡಿದ್ದು. ಓಡಿಸುವವನ ಕಾರು ಅಂತ ಅರ್ಧ ಶತಮಾನ ಹೆಸರು ಮಾಡಿದ 3 ಸರಣಿಯನ್ನೇ 2021ರ ಜನವರಿಯಲ್ಲಿ ಉದ್ದ ಮಾಡಿ ‘ಗ್ರಾನ್ ಲಿಮೋಸಿನ್’ ಅಂತ ಭಾರತದಲ್ಲಿ ಮಾರತೊಡಗಿತು. 2024ರಲ್ಲಿ 5 ಸರಣಿಯೂ ಉದ್ದವಾಗಿಯೇ ಬಂತು. ಸ್ಟೇರಿಂಗ್ ಹಿಡಿಯುವವನಿಗಾಗಿ ಅಳತೆ ಮಾಡಿ ಕಟ್ಟಿದ ಕಾರನ್ನು ಪೇಪರ್ ಓದುತ್ತ ಕೂರುವವರ ಮೊಣಕಾಲಿಗೆ ಹೊಂದಿಸಿದರು.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಅದೇ ಕಂಪನಿ 2023ರಲ್ಲಿ ಎಂ2 ಎಂಬ ಚಿಕ್ಕ, ಬಲಿಷ್ಠ ಕಾರನ್ನು ಕೈಯಿಂದ ಗೇರ್ ಹಾಕುವ ಆಯ್ಕೆಯೊಂದಿಗೆ ಭಾರತಕ್ಕೆ ತಂದಿತು. ಬೆಲೆ ಕೋಟಿಯ ಹತ್ತಿರ. ಅಂದರೆ ಓಡಿಸುವ ಖುಷಿ ಇನ್ನೂ ಮಾರಾಟಕ್ಕಿದೆ. ಆದರೆ ಅದು ಎಲ್ಲರಿಗೂ ಸಿಗುತ್ತಿದ್ದ ಮೆಟ್ಟಿಲಿನಿಂದ ಎತ್ತಿ ಅಟ್ಟಕ್ಕೆ ಏರಿಸಿದ ಸರಕಾಗಿದೆ.

ಬಾನೆಟ್ಟಿನ ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಇಲ್ಲಿ ಗಾಡಿ ಕೊಳ್ಳುವಾಗ ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದು. ರೋಣದ ಗ್ಯಾರೇಜಿನ ಮಿಸ್ತ್ರಿ ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಲ್ಲುತ್ತಾನೆ. ಬೆಂಗಳೂರಿನ ಮೈಕೋ ಕಂಪನಿ ಮಾಡುತ್ತಿದ್ದ ಡೀಸೆಲ್ ಪಂಪನ್ನು ಬಿಚ್ಚಿ ಕೂಡಿಸಿಯೇ ಎಷ್ಟೋ ಮಿಸ್ತ್ರಿಗಳು ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಮರ್ಸಿಡಿಸ್‌ನ ಇಕ್ಯೂಎಸ್ ಎಂಬ ವಿದ್ಯುತ್ ಕಾರು 2021ರಲ್ಲಿ ಬಂತು. 2022ರಿಂದ ಪುಣೆ ಹತ್ತಿರದ ಚಾಕಣದಲ್ಲೂ ಜೋಡಣೆಯಾಯಿತು. ಅದರ ಬಾನೆಟ್ಟನ್ನು ಮಾಲೀಕ ತೆರೆಯುವಂತಿಲ್ಲ. ಕಂಪನಿಯ ಸರ್ವಿಸ್ ಕೇಂದ್ರದವರೇ ತೆರೆಯಬೇಕು. ಗಾಜು ಒರೆಸುವ ನೀರು ತುಂಬಲು ಮುಂದಿನ ಚಕ್ರದ ಮೇಲ್ಭಾಗದಲ್ಲಿ ಒಂದು ಸಣ್ಣ ಮುಚ್ಚಳ ಕೊಟ್ಟಿದ್ದಾರೆ. ಒಳಗೆ ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ 141 ಸೆಂಟಿಮೀಟರ್ ಅಗಲದ ಗಾಜಿನ ಪರದೆ. ದುಡ್ಡು ಕೊಟ್ಟು ಕೊಂಡ ಗಾಡಿಯ ಹೊಟ್ಟೆಯೊಳಗೆ ಏನಿದೆ ಅಂತ ನೋಡುವ ಹಕ್ಕು ಕೂಡ ಮಾಲೀಕನಿಂದ ಹೋಗುವುದನ್ನು ನಾನು ಪ್ರಗತಿ ಅಂತ ಒಪ್ಪಲಾರೆ.

ಆ ಪರದೆಯ ಹಿಂದೆ ಕರ್ನಾಟಕವೂ ಇದೆ. ಮರ್ಸಿಡಿಸ್-ಬೆಂಜ್ 1996ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಂಶೋಧನಾ ಕೇಂದ್ರ ಜರ್ಮನಿಯ ಹೊರಗೆ ಆ ಕಂಪನಿಯ ಅತಿ ದೊಡ್ಡ ಸಂಶೋಧನಾ ಕೇಂದ್ರ. ಕಾರಿನ ತಂತ್ರಾಂಶ, ಕಂಪ್ಯೂಟರಿನಲ್ಲೇ ನಡೆಸುವ ಡಿಕ್ಕಿ ಪರೀಕ್ಷೆ, ವಿನ್ಯಾಸದ ಲೆಕ್ಕಾಚಾರ ಇಲ್ಲಿ ಬಹಳಷ್ಟು ನಡೆಯುತ್ತದೆ. ಬಾಶ್ ಕಂಪನಿಯ ದೊಡ್ಡ ಕಚೇರಿಗಳೂ ಇದೇ ಊರಿನಲ್ಲಿವೆ. ಹುಬ್ಬಳ್ಳಿಯ ಬಿವಿಬಿ, ಬಾಗಲಕೋಟೆಯ ಬಸವೇಶ್ವರ, ಗದಗದ ತೋಂಟದಾರ್ಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಿದ ನಮ್ಮ ಕಡೆಯ ಮಕ್ಕಳು ಇಂಥ ಕೆಲಸ ಹುಡುಕಿಯೇ ಬೆಂಗಳೂರಿನ ಬಸ್ ಹತ್ತುತ್ತಾರೆ. ಅಜ್ಜ ಬೆಂಜ್ ಲಾರಿಯ ಗೇರನ್ನು ಕಿವಿಯಿಂದ ಹಾಕಿದ ಊರಿನಿಂದ ಬಂದ ಮೊಮ್ಮಗ ಅದೇ ನಕ್ಷತ್ರದ ಕಾರಿಗೆ ಕೋಡ್ ಬರೆಯುವ ಕಾಲ ಇದು. ನನಗೆ ಇದರಲ್ಲಿ ದೊಡ್ಡ ಆಸೆ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕಂಪನಿಗಳ ಕಷ್ಟವನ್ನೂ ಕೇಳಬೇಕು

ಇವರೆಲ್ಲ ಬೇಕಂತಲೇ ಹೀಗೆ ಮಾಡಿದರು ಅಂದರೆ ಅನ್ಯಾಯವಾದೀತು. ಯುರೋಪಿನಲ್ಲಿ 2021ರ ಹೊತ್ತಿಗೆ ಹೊಸ ಕಾರುಗಳ ಇಂಗಾಲದ ಡೈ ಆಕ್ಸೈಡ್ ಸರಾಸರಿ ಕಿಲೋಮೀಟರಿಗೆ 95 ಗ್ರಾಮಿಗೆ ಇಳಿಯಬೇಕೆಂಬ ನಿಯಮ ಪೂರ್ತಿ ಜಾರಿಗೆ ಬಂತು. ತಪ್ಪಿದರೆ ಭಾರಿ ದಂಡ. 2024ರ ಜುಲೈನಿಂದ ಅಲ್ಲಿ ಮಾರುವ ಪ್ರತಿ ಹೊಸ ಕಾರಿನಲ್ಲೂ ವೇಗದ ಮಿತಿ ನೆನಪಿಸುವ ವ್ಯವಸ್ಥೆ ಕಡ್ಡಾಯ. ದೊಡ್ಡ ಇಂಜಿನ್ ಬೆಳೆದು ಬಂದ ನೆಲವೇ ಅದಕ್ಕೆ ಒಗ್ಗದಾಯಿತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಈಗ ಮನುಷ್ಯನ ಕೈಗಿಂತ ಬೇಗ ಗೇರ್ ಬದಲಿಸುತ್ತದೆ, ಇದು ಲೆಕ್ಕದ ಮಾತು. ಮೊಣಕಾಲು ನೋವಿನವರಿಗೆ, ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವವರಿಗೆ ಅದು ದೊಡ್ಡ ಉಪಕಾರ. ಇನ್ನು ಸುರಕ್ಷತೆ: ಜಾರುವ ಗಾಡಿಯನ್ನು ಹಿಡಿದು ನಿಲ್ಲಿಸುವ ಇಎಸ್‌ಸಿ ಎಷ್ಟು ಮನೆಗಳ ದೀಪ ಉಳಿಸಿದೆಯೋ. ಅದರ ವಿರುದ್ಧ ಮಾತಾಡುವ ಬಾಯಿ ನನ್ನದಲ್ಲ.

ದುಡ್ಡಿನ ಲೆಕ್ಕವೂ ಇದೆ. ಪೋರ್ಷ 2002ರಲ್ಲಿ ಕಯೆನ್ ಎಂಬ ಎಸ್‌ಯುವಿ ತಂದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಆದರೆ ಕಯೆನ್ ತಂದ ದುಡ್ಡಿನಿಂದಲೇ 911ರಂಥ ಕಾರುಗಳನ್ನು ಮಾಡುತ್ತ ಹೋಗಲು ಕಂಪನಿಗೆ ಬಲ ಬಂತು. ಬೆಂಟ್ಲಿ, ಲಂಬೋರ್ಗಿನಿ, ರೋಲ್ಸ್ ರಾಯ್ಸ್, ಕೊನೆಗೆ 2022ರಲ್ಲಿ ಫೆರಾರಿ ಕೂಡ ಅದೇ ದಾರಿ ಹಿಡಿದವು.

ಆದರೂ ಎಲ್ಲವನ್ನೂ ನಿಯಮದ ತಲೆಗೆ ಕಟ್ಟಲಾಗದು. ಮರ್ಸಿಡಿಸ್ 2022ರಲ್ಲಿ ತನ್ನ ಸಿ63 ಕಾರಿನ ಎಂಟು ಸಿಲಿಂಡರಿನ ಇಂಜಿನ್ ತೆಗೆದು ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ವಿದ್ಯುತ್ ಮೋಟಾರ್ ಜೋಡಿಸಿತು. ಕಾಗದದ ಮೇಲೆ 680 ಅಶ್ವಶಕ್ತಿ, ಹಳೆಯದಕ್ಕಿಂತ ಎಷ್ಟೋ ಹೆಚ್ಚು. ತೂಕವೂ ಎರಡು ಟನ್ ದಾಟಿತು. ಅಭಿಮಾನಿಗಳು ಅದನ್ನು ಮನಸಾರೆ ಒಪ್ಪಿಕೊಳ್ಳಲೇ ಇಲ್ಲ. ಅಶ್ವಶಕ್ತಿ ಕೊಟ್ಟರೆ ಸಾಕು ಅಂದುಕೊಂಡವರಿಗೆ ಓಡಿಸುವವರು ಹುಡುಕುವುದು ಬೇರೆ ಏನನ್ನೋ ಅಂತ ಆಗಲಾದರೂ ತಿಳಿದಿರಬೇಕು. ಪೋರ್ಷ ಇದನ್ನು ಬೇಗ ತಿಳಿದುಕೊಂಡಿತು. 2013ರಲ್ಲಿ 911 ಜಿಟಿ3 ಕಾರನ್ನು ಕೈಗೇರ್ ಇಲ್ಲದೆ, ಆಟೋಮ್ಯಾಟಿಕ್ಕಿನಲ್ಲಿ ಮಾತ್ರ ತಂದಾಗ ಜನ ಜಗಳ ತೆಗೆದರು. 2016ರಲ್ಲಿ ಕೈಗೇರಿನ 911 ಆರ್ ಅನ್ನು 991 ಕಾರುಗಳಷ್ಟೇ ಮಾಡಿದರು. ಅವು ಕೈಗೆ ಸಿಗದಂತೆ ಮಾರಾಟವಾದವು. 2017ರಲ್ಲಿ ಜಿಟಿ3ಗೆ ಕೈಗೇರ್ ವಾಪಸು ಬಂತು. ಕೇಳುವವರು ಕೇಳಿದರೆ ಕಂಪನಿ ಕಿವಿಗೊಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಈಗ ಗುಂಡಿಗಳ ವಿಷಯದಲ್ಲೂ ಗಾಳಿ ತಿರುಗುತ್ತಿದೆ. ಹಾರ್ನ್, ವೈಪರ್, ಇಂಡಿಕೇಟರ್‌ನಂಥವಕ್ಕೆ ಪರದೆಯ ಬದಲು ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇರಬೇಕು, ಇಲ್ಲದಿದ್ದರೆ ಪೂರ್ತಿ ಅಂಕ ಇಲ್ಲ ಅಂತ ಯುರೋಪಿನ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆ 2026ರಿಂದ ನಿಯಮ ಮಾಡಿದೆ.

ಬಿಡದಿಯಲ್ಲಿ ಉಳಿದ ಗೇರ್

ನಮ್ಮ ರಾಜ್ಯದಲ್ಲೇ ಇಂಥದ್ದೊಂದು ನಡೆದಿದೆ. ರೋಣ, ಗಜೇಂದ್ರಗಡದ ಕಡೆ ನಿಜವಾದ ದೊಡ್ಡವರ ಕಾರು ಅಂದರೆ ಇನ್ನೋವಾ. ಗುತ್ತಿಗೆದಾರರ ಮನೆ ಮುಂದೆ ಅದೇ, ಮದುವೆ ದಿಬ್ಬಣದ ಮುಂದೆ ಅದೇ, ಚುನಾವಣೆ ಬಂದರೆ ಸಾಲುಸಾಲು ಅದೇ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಾಗಿ ಶುರುವಾದ ಕಿರ್ಲೋಸ್ಕರ್ ಮನೆತನದ ವ್ಯವಹಾರ ಜಪಾನಿನ ಟೊಯೊಟಾ ಜೊತೆ ಸೇರಿ ಬಿಡದಿಯಲ್ಲಿ ಕಾರ್ಖಾನೆ ತೆರೆದು, 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ ತಂದಿತು. 2020ರಲ್ಲಿ ಟೊಯೊಟಾದ ಐಷಾರಾಮಿ ಹೆಸರಾದ ಲೆಕ್ಸಸ್‌ನ ಇಎಸ್ ಕಾರೂ ಬಿಡದಿಯಲ್ಲೇ ತಯಾರಾಗತೊಡಗಿತು.

2022ರ ನವೆಂಬರ್‌ನಲ್ಲಿ ಹೊಸ ಇನ್ನೋವಾ ಹೈಕ್ರಾಸ್ ಬಂತು. ಡೀಸೆಲ್ ಇಲ್ಲ, ಹಿಂದಿನ ಚಕ್ರಕ್ಕೆ ಹೋಗುತ್ತಿದ್ದ ಶಕ್ತಿ ಮುಂದಿನ ಚಕ್ರಕ್ಕೆ ಬಂತು, ಕೈಯಿಂದ ಹಾಕುವ ಗೇರ್ ಯಾವ ಆವೃತ್ತಿಯಲ್ಲೂ ಇಲ್ಲ. ಪೆಟ್ರೋಲ್-ವಿದ್ಯುತ್ ಜೋಡಿಯ ಆ ಗಾಡಿ ಕೊಡುವ ಮೈಲೇಜ್ ನೋಡಿದರೆ ಅದನ್ನು ಕೊಂಡವರನ್ನು ಯಾರೂ ದೂರಲಾರರು. ಅಲ್ಲಿಗೆ ಹಳೆಯದರ ಕತೆ ಮುಗಿಯಬೇಕಿತ್ತು. ಆದರೆ 2023ರಲ್ಲಿ ಟೊಯೊಟಾ ಕ್ರಿಸ್ಟಾವನ್ನು ಮರಳಿ ತಂದಿತು: 2.4 ಲೀಟರ್ ಡೀಸೆಲ್, ಹಿಂದಿನ ಚಕ್ರದ ಎಳೆತ, ಐದು ಗೇರ್, ಕೈಗೇರ್ ಮಾತ್ರ. ಬಾಡಿಗೆ ಗಾಡಿಯವರು, ಹಳ್ಳಿದಾರಿಯವರು, ಏಳು ಜನ ಮತ್ತು ತಲೆಯ ಮೇಲೆ ಗಂಟುಮೂಟೆ ಹೊತ್ತು ಶ್ರೀಶೈಲ, ಪಂಢರಪುರಕ್ಕೆ ಹೋಗುವವರು ಅದನ್ನೇ ಕೇಳುತ್ತಿದ್ದರು. ಗೇರಿನ ಗಾಡಿ ಬೇಕು ಅಂದವರ ಮಾತು ನಡೆಯಿತು. ಹಳೆಯ ಗ್ರಾಹಕರು ಹೋದರೆ ಹೋಗಲಿ ಅಂದ ಜಾಗ್ವಾರ್‌ಗೂ, ಹೊಸದರ ಪಕ್ಕದಲ್ಲೇ ಹಳೆಯದನ್ನು ಉಳಿಸಿಕೊಂಡ ಬಿಡದಿಗೂ ಇರುವ ಅಂತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಓಡಿಸುವ ಹುಚ್ಚು ಸತ್ತಿದೆ ಅನ್ನುವವರು ಕಾರ್ ಶೋರೂಮಿನಿಂದ ಹೊರಗೆ ಬರಬೇಕು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಡೆಸುವ ಕೆ-1000 ರ‍್ಯಾಲಿ ಒಂದು ಬಗೆ. ನಮ್ಮ ಕಡೆಯ ಜಾತ್ರೆಗಳದು ಇನ್ನೊಂದು. ಗದಗ, ಬಾಗಲಕೋಟೆ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಸ್ಪರ್ಧೆ ನಡೆಯುತ್ತದೆ. ಎಡಬಲಕ್ಕೆ ನೆಟ್ಟ ಗೂಟ ಮುಟ್ಟಬಾರದು, ನಿಲ್ಲಬಾರದು, ಗೆರೆ ದಾಟಬಾರದು. ಗೊತ್ತಿಲ್ಲದವರಿಗೆ ಇದು ಸುಲಭ ಅನ್ನಿಸಬಹುದು. ಎರಡು ಚಕ್ರದ ಟ್ರೇಲರ್ ಆದರೆ ಹಿಂದಕ್ಕೆ ಹೋಗುವಾಗ ಅದು ಎಡಕ್ಕೆ ತಿರುಗಬೇಕಿದ್ದರೆ ಮೊದಲು ಸ್ಟೇರಿಂಗ್ ಬಲಕ್ಕೆ ಎಳೆಯಬೇಕು. ತಿರುಗತೊಡಗಿದ ಕೂಡಲೇ ಎಡಕ್ಕೆ ಎಳೆದು ಬೆನ್ನು ಹತ್ತಬೇಕು, ಇಲ್ಲದಿದ್ದರೆ ಟ್ರೇಲರ್ ಮಡಚಿಕೊಂಡು ಟ್ರ್ಯಾಕ್ಟರಿನ ಚಕ್ರಕ್ಕೆ ಬಂದು ಬಡಿಯುತ್ತದೆ. ನಾಲ್ಕು ಚಕ್ರದ್ದಾದರೆ ನಡುವೆ ಇನ್ನೊಂದು ತಿರುಗುವ ಕೀಲು ಇರುವುದರಿಂದ ಲೆಕ್ಕ ಮತ್ತೆ ತಿರುವುಮುರುವು. ಹುಡುಗರು ಸೀಟಿನ ಮೇಲೆ ಅರ್ಧ ತಿರುಗಿ ಕೂತು, ಒಂದು ಕೈ ಮಡ್ಗಾರ್ಡಿನ ಮೇಲೆ, ಇನ್ನೊಂದು ಕೈಯ ಅಂಗೈಯನ್ನಷ್ಟೇ ಸ್ಟೇರಿಂಗ್ ಮೇಲಿಟ್ಟು, ಧೂಳೆಬ್ಬಿಸುತ್ತ ಹಿಂದಕ್ಕೆ ಹಾರಿಸಿಕೊಂಡು ಹೋಗುತ್ತಾರೆ. ಸುತ್ತ ನಿಂತ ಜನ ಶಿಳ್ಳೆ ಹೊಡೆಯುತ್ತಾರೆ, ತಪ್ಪಿದವನಿಗೆ ತಿದ್ದಿ ಹೇಳುತ್ತಾರೆ. ನೋಡಲು ಬಂದ ಅಜ್ಜಂದಿರಿಗೂ ಯಾವನ ಕೈ ಎಲ್ಲಿ ತಡವಾಯಿತು ಅನ್ನುವುದು ಗೊತ್ತಾಗುತ್ತದೆ.

ಬೆಂಗಳೂರಿನ ಆ ಸಂಶೋಧನಾ ಕೇಂದ್ರಗಳಲ್ಲಿ ಸ್ಟೇರಿಂಗ್ ಮೋಟಾರಿಗೆ ಎಷ್ಟು ಭಾರ ಕೊಡಬೇಕು ಅಂತ ಕೋಡ್ ಬರೆಯುವ ನಮ್ಮ ಮಕ್ಕಳಿಗೆ ನನ್ನದೊಂದು ಕೋರಿಕೆ. ನರಗುಂದಕ್ಕೆ ಒಂದು ರಾತ್ರಿಯ ಬಸ್ ದಾರಿ. ಬೇಸಿಗೆಯಲ್ಲಿ ಜಾತ್ರೆಗೆ ಬಂದು ಟ್ರ್ಯಾಕ್ಟರ್ ಹುಡುಗನ ಅಂಗೈ ನೋಡಿ. ಮಳೆಗಾಲದಲ್ಲಿ ಇನ್ನೊಮ್ಮೆ ಬಂದು, ಹಳೆಯ ಡ್ರೈವರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಬರೆದ ಕೋಡ್ ಇರುವ ಕಾರನ್ನು ಎರಿ ದಾರಿಯಲ್ಲಿ ನೀವೇ ಓಡಿಸಿ. ಯಾವ ಗಳಿಗೆಗೆ ಕೈಗೆ ಸುದ್ದಿ ಬರಬೇಕಿತ್ತು, ಬರಲಿಲ್ಲ ಅಂತ ಅವರು ಹೇಳುತ್ತಾರೆ. ಅದನ್ನು ಬರೆದುಕೊಂಡು ಹೋಗಿ, ಮುಂದಿನ ಕಾರಿನಲ್ಲಿ ಸರಿಮಾಡಿ.